ಕಾರಿಗೆ ಹೆಸರು ಬದಲಾಗುವವರೆಗೆ

"ಗಾಡಿಗೆ ಎಲ್ಲಾದರೂ ಪೆಟ್ಟು ಬಿದ್ದಿದೆಯೇ? ಬ್ರೇಕು ಯಾವಾಗ ಬದಲಾಯಿಸಿದಿರಿ? ಸೀಟಿನ ಮೇಲೆ ನಾಯಿ ಏನಾದರೂ ಕೂರುತ್ತಿತ್ತೇ?"

ಹೊಸ ದೇಶದ ಭಾಷೆಯಲ್ಲಿ ತಡವರಿಸುತ್ತ ಅವಳು ಫೋನಿನಲ್ಲಿ ಕೇಳುತ್ತಲೇ ಹೋದಳು. ಆ ಕಡೆಯವನು ತಾಳ್ಮೆಯಿಂದ ಎಲ್ಲಕ್ಕೂ ಉತ್ತರ ಕೊಟ್ಟ. ನಾಯಿಯ ಪ್ರಶ್ನೆ ಬಂದಾಗ ಮಾತ್ರ ಉದ್ದಕ್ಕೆ ಉಸಿರು ಬಿಟ್ಟು, ತನ್ನಷ್ಟಕ್ಕೆ ತಾನೇ, ಅಚ್ಚ ಕನ್ನಡದಲ್ಲಿ ಗೊಣಗಿಕೊಂಡ.

"ಇವಳೇನು ಕಾರು ನೋಡೋಕೆ ಬರ್ತಾಳೋ, ಗಂಡು ನೋಡೋಕೆ ಬರ್ತಾಳೋ!"

ಅವಳ ಕಿವಿ ನೆಟ್ಟಗಾಯಿತು. ಈ ಊರಿಗೆ ಬಂದ ಮೇಲೆ ಅಮ್ಮನ ಫೋನಿನಲ್ಲಿ ಬಿಟ್ಟರೆ ಎಲ್ಲೂ ಕೇಳದ ಭಾಷೆ.

"ಗಂಡಾಗಿದ್ರೆ ಇಷ್ಟು ಕೇಳ್ತಿರಲಿಲ್ಲ ರೀ. ಕಾರು ದಿನಾ ಕೆಲಸಕ್ಕೆ ಬರಬೇಕು ನೋಡಿ" ಎಂದಳು, ಕನ್ನಡದಲ್ಲೇ.

ಆ ಕಡೆ ಏನೋ ಕೈಜಾರಿ ಬಿದ್ದ ಸದ್ದಾಯಿತು.

ಅವಳು ಫಿಸಿಯೋಥೆರಪಿಸ್ಟ್. ಆಪರೇಷನ್ ಮಾಡಿಸಿಕೊಂಡವರ, ಪಾರ್ಶ್ವವಾಯು ಬಡಿದವರ ಮನೆಮನೆಗೆ ಹೋಗಿ ಅವರನ್ನು ಮತ್ತೆ ಎಬ್ಬಿಸಿ ನಡೆಸುವುದು ಅವಳ ಕೆಲಸ. ಕೆಲಸವೇನೋ ಸಿಕ್ಕಿತ್ತು, ಆದರೆ ಸ್ವಂತ ಕಾರು ಇರಬೇಕೆಂಬ ಷರತ್ತಿನ ಮೇಲೆ. ಬೇಸಿಗೆ ಮುಗಿಯುವುದರೊಳಗೆ ಕಾರು ಬರದಿದ್ದರೆ ಕೆಲಸ ಖಾಯಂ ಆಗುವುದಿಲ್ಲ, ಕೆಲಸ ಹೋದರೆ ಈ ದೇಶದಲ್ಲಿ ಇರುವುದಕ್ಕೂ ಆಗುವುದಿಲ್ಲ.

ಅವನು ಲಿಫ್ಟ್ ರಿಪೇರಿಯವನು. ಎತ್ತರದ ಕಟ್ಟಡಗಳಲ್ಲಿ ಸಿಕ್ಕಿಹಾಕಿಕೊಂಡ ಲಿಫ್ಟುಗಳನ್ನೂ ಅದರೊಳಗೆ ಸಿಕ್ಕಿಹಾಕಿಕೊಂಡ ಜನರನ್ನೂ ಬಿಡಿಸುವವನು. ಕಂಪನಿಯವರು ವ್ಯಾನು ಕೊಟ್ಟಿದ್ದರಿಂದ ಸ್ವಂತದ ಪುಟ್ಟ ಕಾರನ್ನು ಮಾರುತ್ತಿದ್ದ. ಸಾಸಿವೆ ಬಣ್ಣದ ಕಾರು. ಎಡಗಡೆ ಬಾಗಿಲಲ್ಲಿ ಕೆನ್ನೆಗುಳಿಯಂಥ ಒಂದು ತಗ್ಗು. ಪಾರ್ಕಿಂಗಿನಲ್ಲಿ ಅವಳು ಆ ತಗ್ಗಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಾಗ, ಅವನ ಕೆನ್ನೆಯಲ್ಲೂ ಅಂಥದ್ದೇ ಒಂದು ಮೂಡಿತು.

"ನಗಬೇಡಿ. ಇದನ್ನ ಫೋನಲ್ಲಿ ಯಾಕೆ ಹೇಳಲಿಲ್ಲ?"

"ನೀವು ನಾಯಿ ವಿಷಯಕ್ಕೆ ಹೋಗಿಬಿಟ್ರಿ."

ಕಾರು ಅವಳಿಗೆ ಹಿಡಿಸಿತು. ಅವನು ಹಿಡಿಸಲಿಲ್ಲ, ಅಥವಾ ಹಾಗೆಂದು ಅವಳು ಅಂದುಕೊಂಡಳು. "ಹೆಸರು ಬದಲಾಯಿಸೋದು ಅರ್ಧ ಗಂಟೆ ಕೆಲಸ" ಎಂದು ಅವನು ಹೇಳಿದ್ದನ್ನಂತೂ ಜನ್ಮದಲ್ಲಿ ಮರೆಯಲಿಲ್ಲ.

ಸಾರಿಗೆ ಕಚೇರಿಯಲ್ಲಿ ಟೋಕನ್ ಹಿಡಿದು, ಗೋಡೆಗೆ ಅಂಟಿಸಿದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಬೆಳಗ್ಗೆಯಿಂದ ಕೂತರು. ಮಾರುವವರೂ ಕೊಳ್ಳುವವರೂ ಇಬ್ಬರೂ ಖುದ್ದಾಗಿ ಬರಬೇಕೆಂಬುದು ಅಲ್ಲಿಯ ನಿಯಮ. ಕೌಂಟರಿನ ಹೆಂಗಸು ಕನ್ನಡಕದ ಮೇಲಿಂದ ನೋಡಿ, "ಇನ್ಶೂರೆನ್ಸ್ ಎಲ್ಲಿ?" ಎಂದಳು. ಇನ್ಶೂರೆನ್ಸಿನವನು "ಇಲ್ಲಿಯ ಲೈಸೆನ್ಸ್ ಎಲ್ಲಿ?" ಎಂದ. ಲೈಸೆನ್ಸಿನವನು "ನಿವಾಸದ ಕಾರ್ಡ್ ಎಲ್ಲಿ?" ಎಂದ. ಕಾರ್ಡಿನವನು "ಬಾಡಿಗೆ ಮನೆಯೊಡತಿಯ ಸಹಿ ಎಲ್ಲಿ?" ಎಂದ. ಮನೆಯೊಡತಿ ಮಗಳ ಬಾಣಂತನಕ್ಕೆ ಹೋದವಳು ಬಂದಿರಲಿಲ್ಲ.

"ಹುಚ್ಚು ಬಿಡೋ ತನಕ ಮದುವೆ ಆಗೋಲ್ಲ, ಮದುವೆ ಆಗೋ ತನಕ ಹುಚ್ಚು ಬಿಡೋಲ್ಲ" ಎಂದು ಅವನು ನಿಟ್ಟುಸಿರು ಬಿಟ್ಟ.

"ನಿಮಗೆ ತಮಾಷೆ. ನನ್ನ ಹೊಟ್ಟೆಪಾಡು ರೀ ಇದು!"

ಅವಳ ದನಿ ಏರಿದ್ದಕ್ಕೆ ಕುರ್ಚಿಗಳಲ್ಲಿದ್ದ ತಲೆಗಳೆಲ್ಲ ತಿರುಗಿದವು. ಕೌಂಟರಿನ ಹೆಂಗಸು ತಡೆದಳು. "ಗಂಡ ಹೆಂಡತಿ ಅಂತ ಮೊದಲೇ ಹೇಳಬಾರದೇ? ಮನೆಯವರ ನಡುವೆ ವರ್ಗಾವಣೆಗೆ ಈ ಯಾವ ಗೋಜೂ ಇಲ್ಲ. ಆ ಮೂಲೆಯ ಕೌಂಟರಿಗೆ ಹೋಗಿ."

ಅವನು ಮೂಲೆಯ ಕೌಂಟರಿನತ್ತ ನೋಡಿದ. ಆಮೇಲೆ, ಸ್ವಲ್ಪ ಹೊತ್ತು ಹೆಚ್ಚಾಗಿಯೇ, ಅವಳತ್ತ ನೋಡಿದ.

"ಮಾರೋನು, ಕೊಳ್ಳೋಳು. ಅಷ್ಟೇ ಸಂಬಂಧ" ಎಂದು ಅವಳು ಪಟಕ್ಕನೆ ಹೇಳಿಬಿಟ್ಟಳು. ಅವನ ಮುಖದಲ್ಲಿ ಏನೋ ಒಂದು ದೀಪ ಆರಿದಂತಾಯಿತು. ಅದನ್ನು ಕಂಡು ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಯಾರ ಮೇಲೆ ಎಂಬುದು ಗೊತ್ತಾಗಲಿಲ್ಲ.

ಕಾರು ಅವನ ಪಾರ್ಕಿಂಗಿನಲ್ಲೇ ಉಳಿಯಿತು. ಅವಳು ಬಸ್ಸು ಬದಲಿಸಿ ಬಸ್ಸು ಹತ್ತುತ್ತ, ಊರ ಅಂಚಿನ ಮನೆಗಳಿಗೆ ಓಡಿದಳು. ಕೊನೆಯ ಮನೆ ಒಬ್ಬ ನಿವೃತ್ತ ಮೇಷ್ಟ್ರದ್ದು. ಬಲಗಾಲು ಬಿದ್ದುಹೋಗಿ ಹಾಸಿಗೆ ಹಿಡಿದಿದ್ದ ಅವರು ದಿನವೂ ಇವಳಿಗಾಗಿ ಕಾಯುತ್ತಿದ್ದರು. ಒಂದು ದಿನ ಬಸ್ಸು ತಪ್ಪಿ, ಇವಳು ಏದುಸಿರು ಬಿಡುತ್ತ ಹೋದಾಗ ಮೇಷ್ಟ್ರು ಕಿಟಕಿಯ ಹತ್ತಿರ ನೆಲದ ಮೇಲೆ ಕೂತಿದ್ದರು. ನೀನು ಬಂದೆಯೇನೋ ನೋಡೋಣವೆಂದು ಒಬ್ಬನೇ ನಡೆದುಬಂದೆ, ಹಿಂದಿರುಗಲು ಆಗಲಿಲ್ಲ, ಎಂದರು. ನಗುತ್ತಲೇ ಹೇಳಿದರು. ಮೊಣಕೈ ತರಚಿತ್ತು.

ಅವತ್ತು ಹೊರಗೆ ಬಂದು, ಬಸ್ ಸ್ಟಾಪಿನಲ್ಲಿ ನಿಂತು ಅವಳು ಅವನಿಗೆ ಫೋನ್ ಮಾಡಿದಳು. ಬೈಯಬೇಕೆಂದೇ ಮಾಡಿದ್ದು. ಬಾಯಿ ತೆರೆದರೆ ಅಳು ಬಂತು.

ಅವನು ಒಂದೂ ಹಾಸ್ಯ ಮಾಡಲಿಲ್ಲ. "ಕಾರಿನ್ನೂ ನನ್ನ ಹೆಸರಲ್ಲೇ ಇದೆಯಲ್ಲ. ನಾನು ಓಡಿಸಬಹುದು. ನಾಳೆಯಿಂದ ಸಾಯಂಕಾಲದ ಮನೆಗಳಿಗೆ ನಾನು ಕರಕೊಂಡು ಹೋಗ್ತೀನಿ."

"ನಿಮ್ಮ ಕೆಲಸ?"

"ಬೆಳಗಿನ ಪಾಳಿ ಹಾಕಿಸ್ಕೊಂಡಿದ್ದೀನಿ."

"ಯಾವಾಗ?"

"ನೀವು ಅಳ್ತಾ ಇದ್ರಲ್ಲ, ಆಗ ತೀರ್ಮಾನ ಮಾಡಿದೆ. ಕೇಳೋದು ಬಾಕಿ ಇದೆ."

ಹೀಗೆ ಪಕ್ಕದ ಸೀಟಿನಲ್ಲಿ ಕೂರುವುದು ಶುರುವಾಯಿತು. ಅವನು ನಿಧಾನಕ್ಕೆ ಓಡಿಸುತ್ತಾನೆಂದು ಬೈದಳು. ತಿರುವಿನಲ್ಲಿ ಜೋರಾಗಿ ಓಡಿಸುತ್ತಾನೆಂದು ಬೈದಳು. ಅವಳು ಒಳಗೆ ಮೇಷ್ಟ್ರನ್ನು ನಡೆಸುತ್ತಿದ್ದಾಗ ಅವನು ಹೊರಗೆ ಬಾನೆಟ್ಟಿಗೆ ಒರಗಿ ಬನ್ನು ತಿನ್ನುತ್ತ ಕಾಯುತ್ತಿದ್ದ, ಅವಳ ಪಾಲಿನದನ್ನು ಕಾಗದದಲ್ಲಿ ಸುತ್ತಿ, ತಣ್ಣಗಾಗದಂತೆ ಜಾಕೆಟ್ಟಿನೊಳಗೆ ಇಟ್ಟುಕೊಂಡು. ಅದನ್ನು ಕೊಡುವಾಗ ಅವನ ಕಣ್ಣು ರಸ್ತೆಯ ಮೇಲಿರುತ್ತಿತ್ತು, ಅವಳ ಕಣ್ಣು ಅವನ ಕೈಬೆರಳ ಗ್ರೀಸಿನ ಕಲೆಯ ಮೇಲೆ.

"ಯಾರೇ ಅದು, ದಿನಾ ಬೈತೀಯಲ್ಲ?" ಎಂದು ಅಮ್ಮ ಫೋನಿನಲ್ಲಿ ಕೇಳಿದಳು.

"ಕಾರು ಮಾರಿದೋನು ಅಮ್ಮ. ಕೆಲಸಕ್ಕೆ ಬಾರದೋನು."

"ಬೇಡದೋನ ಬಗ್ಗೆ ಯಾರೂ ಇಷ್ಟು ಹೊತ್ತು ಮಾತಾಡೋಲ್ಲ ಕಣೇ."

ಮನೆಯೊಡತಿ ಮೊಮ್ಮಗುವಿನ ಫೋಟೋಗಳೊಂದಿಗೆ ಮರಳಿ ಬಂದಳು. ಸಹಿ ಬಿತ್ತು, ಕಾರ್ಡ್ ಬಂತು, ಲೈಸೆನ್ಸ್ ಆಯಿತು, ಇನ್ಶೂರೆನ್ಸೂ ಆಯಿತು. ಇನ್ನೇನು ಮುಗಿಯಿತು ಎನ್ನುವಾಗ ತಪಾಸಣೆಯಲ್ಲಿ ಕಾರು ಫೇಲಾಯಿತು. ಹಿಂದಿನ ಬ್ರೇಕ್ ದೀಪ ಉರಿಯುತ್ತಿರಲಿಲ್ಲ.

"ದೇವರು ವರ ಕೊಟ್ರೂ ಪೂಜಾರಿ ಕೊಡೋಲ್ಲ ಅಂತಾರಲ್ಲ, ಆ ಪೂಜಾರಿ ನಿಮ್ಮ ಕಾರೇ!" ಎಂದು ಅವಳು ಟೈರಿಗೆ ಒದ್ದಳು. ಕಾಲು ನೋಯಿಸಿಕೊಂಡಳು.

"ಫಿಸಿಯೋ ಯಾರಾದ್ರೂ ಗೊತ್ತಾ?" ಎಂದ ಅವನು.

ಭಾನುವಾರ ಮಧ್ಯಾಹ್ನ ಪಾರ್ಕಿಂಗಿನಲ್ಲಿ ಡಿಕ್ಕಿ ತೆರೆದು ಅವನು ವೈರು ಬಿಚ್ಚಿದ. ಡಿಕ್ಕಿಯೊಳಗಿನ ಕತ್ತಲಿಗೆ ಅವಳು ಟಾರ್ಚ್ ಹಿಡಿದಳು. ಜಾಗ ಚಿಕ್ಕದು, ತಲೆಗೆ ತಲೆ ತಾಗುವಷ್ಟು. ಅವನ ಕಿವಿಯ ಹಿಂದೆ ಒಂದು ಸಣ್ಣ ಮಚ್ಚೆ ಇರುವುದು ಅವಳಿಗೆ ಅಂದು ಕಂಡಿತು. ಟಾರ್ಚಿನ ಬೆಳಕು ತಾನಾಗಿಯೇ ವೈರು ಬಿಟ್ಟು ಅಲ್ಲಿಗೆ ಸರಿಯಿತು.

"ಬೆಳಕು."

"ಏನು?"

"ಬೆಳಕು ಇಲ್ಲಿ ಹಿಡೀರಿ. ಅಲ್ಲೇನು ರಿಪೇರಿ ಇಲ್ಲ."

ಅವಳ ಮುಖ ಕೆಂಪಗಾಯಿತು. ವೈರು ಕೂಡಿಸಿಯಾದ ಮೇಲೆ ಅವಳು ಸ್ಟೇರಿಂಗಿನ ಮುಂದೆ ಕೂತು ಬ್ರೇಕ್ ಪೆಡಲ್ ಒತ್ತಿದಾಗ ದೀಪ ಹೊತ್ತಿಕೊಂಡಿತು. ಅವನು ಹಿಂದೆ ನಿಂತು "ಬಂತು, ಬಂತು!" ಎಂದು ಕೂಗಿದ. ಆಮೇಲೆ ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಕಿಟಕಿಯ ಹತ್ತಿರ ಬಂದು, ಬಗ್ಗಿ, ಬೇರೆಲ್ಲೋ ನೋಡುತ್ತ ಹೇಳಿದ.

"ಈ ವಾರವೇ ಹೆಸರು ಬದಲಾಯಿಸಿಬಿಡೋಣ. ಶುಕ್ರವಾರ ನಾನು ಊರು ಬಿಡ್ತಿದ್ದೀನಿ. ಬಂದರಿನ ಊರಲ್ಲಿ ಹೊಸ ಕಟ್ಟಡಗಳು ಏಳ್ತಾ ಇವೆ, ಅಲ್ಲಿಗೆ ವರ್ಗ ಆಗಿದೆ."

ಬ್ರೇಕಿನ ಮೇಲಿದ್ದ ಅವಳ ಕಾಲು ಹಾಗೆಯೇ ಉಳಿಯಿತು.

"ಯಾವಾಗ ಗೊತ್ತಾಯ್ತು?"

"ತುಂಬಾ ದಿನ ಆಯ್ತು."

"ಮತ್ತೆ ಹೇಳಲಿಲ್ಲ?"

"ನೀವು ಆಗಲೇ ಎಷ್ಟೊಂದರ ಮೇಲೆ ಸಿಟ್ಟಾಗಿದ್ರಿ. ಇದಕ್ಕೆ ಜಾಗ ಇರಲಿಲ್ಲ."

ಅವಳು ಕೀಲಿಯನ್ನು ಅವನ ಕೈಗೆ ಕುಕ್ಕಿ ಹೊರಟುಹೋದಳು. ಬೈಯದೆ ಹೋದದ್ದು ಅದೇ ಮೊದಲು. ಪಾರ್ಕಿಂಗಿನ ನಡುವೆ ಅವನು ಬಟ್ಟೆ ಹಿಡಿದು ನಿಂತೇ ಇದ್ದ.

ಶುಕ್ರವಾರ ಸಾರಿಗೆ ಕಚೇರಿಯಲ್ಲಿ ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯಿತು. ಮರುತಪಾಸಣೆಯಲ್ಲಿ ಕಾರು ಪಾಸಾಗಿತ್ತು, ಒಂದು ಕಾಗದ ಕಡಿಮೆಯಿರಲಿಲ್ಲ, ಒಂದು ಸೀಲು ತಪ್ಪಿರಲಿಲ್ಲ. ಇಷ್ಟು ದಿನ ಕಾಡಿದ ಕಚೇರಿ ಇವತ್ತು ಒಂದೇ ಒಂದು ಕೊಂಕು ತೆಗೆಯಬಾರದೇ ಎಂದು ಅವಳು ಒಳಗೊಳಗೇ ಕುದಿದಳು. ಕೌಂಟರಿನ ಹೆಂಗಸು ಹೊಸ ನಂಬರ್ ಪ್ಲೇಟುಗಳನ್ನು ಮುಂದೆ ತಳ್ಳಿ, "ಅಭಿನಂದನೆ" ಎಂದಳು. ಇಬ್ಬರಲ್ಲಿ ಯಾರೂ ನಗಲಿಲ್ಲ.

ಹೊರಗೆ ಅವನು ಮಂಡಿಯೂರಿ ಪ್ಲೇಟು ಕೂರಿಸಿ, ಸ್ಕ್ರೂ ಬಿಗಿದ. ಹಿಂದಿನ ಸೀಟಿನಲ್ಲಿ ಅವನ ಎರಡು ಸೂಟ್‌ಕೇಸು. ಸ್ಟೇಷನ್ನಿಗೆ ಬಿಡುತ್ತೇನೆಂದು ಅವಳೇ ಹೇಳಿದ್ದಳು, ಬೈಗುಳದ ದನಿಯಲ್ಲಿ.

ಮೊದಲ ಬಾರಿ ಅವಳು ಓಡಿಸಿದಳು, ಅವನು ಪಕ್ಕದಲ್ಲಿ ಕೂತ. ದೊಡ್ಡ ಸರ್ಕಲ್ಲಿನ ನಟ್ಟನಡುವೆ ಕಾರು ಗಕ್ಕನೆ ನಿಂತಿತು. ಹಿಂದೆ ಹಾರನ್ನುಗಳ ಜಾತ್ರೆ.

"ಕ್ಲಚ್ ನಿಧಾನ ಬಿಡಿ" ಎಂದ ಅವನು.

"ನೀವು ಬಾಯಿ ಮುಚ್ಚಿ! ಹೇಳಬೇಕಾದಾಗ ಹೇಳೋಲ್ಲ, ಈಗ ಕ್ಲಚ್ ಬಗ್ಗೆ ಹೇಳ್ತೀರಿ. ನಾಳೆ ಈ ಗಾಡಿ ನಿಂತ್ರೆ ನಾನು ಯಾರಿಗೆ ಬೈಲಿ? ಸಾಯಂಕಾಲ ಆ ಹಾಳು ಬನ್ನು ಯಾರು ಕೊಡ್ತಾರೆ? ಕಾರು ಮಾರಿದ್ದೀರಿ ಸರಿ, ಅದರಲ್ಲಿ ಕೂತ್ಕೊಂಡು ಅಭ್ಯಾಸ ಯಾಕೆ ಮಾಡಿಸಿದ್ರಿ?"

ಹಿಂದಿನ ಲಾರಿಯವನು ಕೈಯೆತ್ತಿ ಏನೋ ಕೂಗಿದ. ಅವಳ ಕಣ್ಣು ತುಂಬಿ ರಸ್ತೆ ಕಾಣುತ್ತಿರಲಿಲ್ಲ.

ಗೇರಿನ ಮೇಲಿದ್ದ ಅವಳ ಕೈಯ ಮೇಲೆ ಅವನು ತನ್ನ ಕೈಯಿಟ್ಟ.

"ಬೆಳಗಿನ ಪಾಳಿಗೋಸ್ಕರ ಬಾಸ್ ಕಾಲು ಹಿಡಿದೋನು ನಾನು. ನಿನ್ನ ಬೈಗುಳ ಕೇಳದಿದ್ರೆ ಆ ದಿನ ಮುಗಿದ ಹಾಗೇ ಅನಿಸ್ತಿರಲಿಲ್ಲ. ವರ್ಗದ ವಿಷಯ ಹೇಳಿದ್ರೆ ನೀನು 'ಸರಿ' ಅಂದುಬಿಡ್ತೀಯೇನೋ ಅಂತ ಭಯ ಆಯ್ತು. ಅದಕ್ಕೇ ಹೇಳಲಿಲ್ಲ."

ಅವನು 'ನೀನು' ಎಂದಿದ್ದ. ಅವಳಿಗೆ ಅದು ಕೇಳಿಸಿತು. ಹಾರನ್ನುಗಳಿಗಿಂತ ಜೋರಾಗಿ ಕೇಳಿಸಿತು.

"ಬಂದರಿನ ಊರು ಎಷ್ಟು ದೂರ?" ಎಂದಳು ಮೂಗೊರೆಸಿಕೊಂಡು.

"ಕಾರಲ್ಲಿ ಅರ್ಧ ದಿನ."

"ನನ್ನ ಹತ್ರ ಕಾರಿದೆ. ಮುಂದಿನ ಭಾನುವಾರ ಬರ್ತೀನಿ. ಈಗ ಕೈ ತೆಗಿ, ಗೇರ್ ಹಾಕ್ಬೇಕು."

ಭಾನುವಾರ ಬೆಳಗ್ಗೆ ಹೊರಟವಳು ಹೆದ್ದಾರಿಯಲ್ಲಿ ದಾರಿ ತಪ್ಪಿ, ಯಾವುದೋ ಗೋದಾಮುಗಳ ನಡುವೆ ಸುತ್ತಿ, ಹೊತ್ತು ಇಳಿಯುವಾಗ ಬಂದರಿನ ರಸ್ತೆ ಸೇರಿದಳು. ಅವನು ಮಧ್ಯಾಹ್ನದಿಂದ ಕಾದು ಫುಟ್‌ಪಾತಿನ ಅಂಚಿಗೆ ಬಂದು ನಿಂತಿದ್ದ. ಅವಳು ಕಿಟಕಿಯ ಗಾಜು ಇಳಿಸುತ್ತಲೇ ಶುರುಮಾಡಿದಳು. ಬೋರ್ಡುಗಳೆಲ್ಲ ತಪ್ಪು, ರಸ್ತೆ ಹಾಕಿದವನಿಗೆ ತಲೆಯಿಲ್ಲ, ನೀನು ಹೇಳಿದ ತಿರುವು ಈ ಭೂಮಿಯ ಮೇಲೆಯೇ ಇಲ್ಲ.

ಅವನು ಬಾಗಿಲು ತೆರೆದು, ಪಕ್ಕದಲ್ಲಿ ಕೂತು, ಕೆನ್ನೆಗೆ ಕೈಯಿಟ್ಟು ಕೇಳಿಸಿಕೊಂಡ.

"ಮುಗೀತಾ?"

"ಇಲ್ಲ. ಮೂರು ಜನ್ಮಕ್ಕಾಗೋಷ್ಟಿದೆ."

"ಹಾಗಾದ್ರೆ ಮದುವೆ ಆಗಿಬಿಡೋಣ. ನಿಧಾನವಾಗಿ ಬೈಬಹುದು."

ಹೊರಗೆ ಸಂಜೆಯ ಗಾಳಿಯಲ್ಲಿ ಬಂದರಿನ ಹಡಗೊಂದು ಉದ್ದಕ್ಕೆ ಕೂಗಿತು. ಅವಳು ಅವನ ಅಂಗಿಯ ಕಾಲರ್ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಬೈಯಲು ಅಲ್ಲ. ಎಂಜಿನ್ ಇನ್ನೂ ಓಡುತ್ತಲೇ ಇತ್ತು, ಆರಿಸುವುದು ಇಬ್ಬರಿಗೂ ಹೊಳೆಯಲಿಲ್ಲ.