ಡೋನಟ್ ಕಚ್ಚಿ ಮುರಿದ ಹಲ್ಲು

"ಏನು ಕಚ್ಚಿದ್ರಿ?"

ಹಲ್ಲಿನ ಡಾಕ್ಟರ್ ಕೇಳಿದ. ಅರ್ಧ ಮುಖ ಮಾಸ್ಕಿನ ಹಿಂದೆ. ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ.

ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಅಪ್ಪ ಮಗಳ ಕಡೆ ಕಣ್ಣು ಹೊರಳಿಸಿದರು. ನೀನೇ ಹೇಳು ಮಾರಾಯ್ತಿ, ಅನ್ನೋ ಹಾಗೆ.

"ಡೋ... ಡೋನಟ್," ಅಂದಳು ಚೂಟಿ.

"ಡೋನಟ್ ಕಚ್ಚಿ ಹಲ್ಲು ಮುರೀತಾ?"

"ಹೂಂ."

"ಒಳಗೆ ಕಲ್ಲುಗಿಲ್ಲು ಏನಾದ್ರೂ..."

"ಕಲ್ಲೂ ಇಲ್ಲ, ಮಣ್ಣೂ ಇಲ್ಲ. ನಾನೇ ಮಾಡಿದ್ದು. ಏರ್ ಫ್ರೈಯರ್‌ನಲ್ಲಿ." ಚೂಟಿ ಚೀಲದಿಂದ ಡಬ್ಬಿ ತೆಗೆದಳು. ಡಾಕ್ಟರು ಕೇಳಿದರೆ ತೋರಿಸೋಣ ಅಂತ ಉಳಿದದ್ದನ್ನು ತಂದಿದ್ದಳು ಪಾಪ!

ಅವನು ಒಂದನ್ನು ಎತ್ತಿ ಸ್ಟೀಲ್ ತಟ್ಟೆಯ ಅಂಚಿಗೆ ಮೆಲ್ಲಗೆ ಬಡಿದ.

ಟಣ್!

ಆ ಎರಡು ಕಣ್ಣು ಕಿರಿದಾದವು. ಭುಜ ಕುಲುಕಿತು. ನಗುತ್ತಿದ್ದಾನೆ... ಮಾಸ್ಕಿನೊಳಗೆ ನಗುತ್ತಿದ್ದಾನೆ! ಚೂಟಿಯ ಕಿವಿವರೆಗೂ ಬಿಸಿ ಏರಿತು.

"ಯೀಸ್ಟ್ ಹಾಕಿದಾಗ ಹಾಲು ಕುದೀತಾ ಇತ್ತಾ?"

ಅವಳು ಬೆಚ್ಚಿದಳು. ಇವನಿಗೆ ಹೇಗೆ ಗೊತ್ತಾಯ್ತು?

"ಯೀಸ್ಟ್‌ಗೂ ಜೀವ ಇರುತ್ತೆ ಕಣ್ರೀ. ಕುದಿಯೋ ಹಾಲಿಗೆ ಹಾಕಿದ್ರೆ ಪಾಪ ಸತ್ತೇ ಹೋಗುತ್ತೆ. ಬೆರಳು ಅದ್ದಿದ್ರೆ ಹಿತವಾಗಿರಬೇಕು, ಅಷ್ಟೇ."

"ನೀವು ಹಲ್ಲು ನೋಡಿ ಡಾಕ್ಟ್ರೇ. ಹಿಟ್ಟು ನಾನು ನೋಡ್ಕೋತೀನಿ!"

ಅಪ್ಪನ ಬಾಯಿಯಿಂದ ಗುಳುಗುಳು ಸದ್ದು ಬಂತು. ನೋವೇನೋ ಅಂತ ಚೂಟಿ ಬಗ್ಗಿ ನೋಡಿದಳು. ಅಲ್ಲ... ಅಪ್ಪನೂ ನಗುತ್ತಿದ್ದರು!

ಅವಳಿಗೆ ಸಿಟ್ಟೆಲ್ಲ ಅಲ್ಲೇ ಕರಗಿತು. ಹೃದಯದ ಆಪರೇಷನ್ ಆದಮೇಲೆ ಅಪ್ಪ ನಕ್ಕಿದ್ದೇ ಇರಲಿಲ್ಲ.

ಅಪ್ಪ ನಿವೃತ್ತ ಬಸ್ ಡ್ರೈವರ್. ಮನೆಯಲ್ಲಿ ಇರೋದು ಅವರಿಬ್ಬರೇ. ಚೂಟಿ ಕಾಲೇಜು ಓದುವಾಗಲೇ ಅಮ್ಮ ತೀರಿಹೋಗಿದ್ದರು. ಆಪರೇಷನ್ ಆದಾಗಿನಿಂದ ಊಟ ಹಾಕಿದರೆ ಗುಬ್ಬಚ್ಚಿಯ ಹಾಗೆ ಕೆದಕಿ, ಸಾಕು ಅಂತ ಎದ್ದುಬಿಡುತ್ತಿದ್ದರು ಅಪ್ಪ. ಊರಿಗೆಲ್ಲ ಜೋಕು ಹೇಳಿ ಬಸ್ ಓಡಿಸಿದ ಮನುಷ್ಯ ಕಿಟಕಿಯ ಪಕ್ಕ ಮರದ ಹಾಗೆ ಕೂತಿರುತ್ತಿದ್ದರು. ಒಂದು ದಿನ ಮಾತ್ರ ಇದ್ದಕ್ಕಿದ್ದಂತೆ, "ಕೊನೇ ಸ್ಟಾಪಿನ ಅಂಗಡೀಲಿ ಡೋನಟ್ ತಿಂತಿದ್ದೆ ಕಣೇ. ಬಿಸಿಬಿಸಿ..." ಅಂದಿದ್ದರು.

ಎಣ್ಣೆಯಲ್ಲಿ ಕರಿದದ್ದು ಕೂಡದು ಅಂತ ಹೃದಯದ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಚೂಟಿ ಮರುದಿನವೇ ಏರ್ ಫ್ರೈಯರ್ ತಂದಳು. ತಂದು... ಅಪ್ಪನ ಹಲ್ಲು ಮುರಿದಳು!

*

ಅಪ್ಪನ ಮುರಿದ ಹಲ್ಲಿಗೆ ಕ್ಯಾಪ್ ಕೂರಿಸಲು ಹೋದ ದಿನ ಅವಳ ಕೈಯಲ್ಲಿ ಮತ್ತೆ ಡಬ್ಬಿ ಇತ್ತು. ಈ ಸಲ ಹಾಲನ್ನು ಬೆರಳಿಟ್ಟು ನೋಡಿಯೇ ಯೀಸ್ಟ್ ಹಾಕಿದ್ದಳು. ಹಿಟ್ಟು ಪಾತ್ರೆ ತುಂಬ ಉಬ್ಬಿ, ಮುಚ್ಚಿದ್ದ ಬಟ್ಟೆಯನ್ನೇ ಮೇಲಕ್ಕೆತ್ತಿತ್ತು. ಅವಳ ಎದೆಯೂ ಅಷ್ಟೇ ಉಬ್ಬಿತ್ತು.

ಡಾಕ್ಟರ್ ಡೋನಟ್ ಒತ್ತಿ ನೋಡಿದ. ಮಾಸ್ಕ್ ಸ್ವಲ್ಪ ಎತ್ತಿ ಮೂಸಿದ. ಕಣ್ಣು ಮುಚ್ಚಿಕೊಂಡ... ಯಾಕೋ ಸ್ವಲ್ಪ ಹೊತ್ತು ತೆರೆಯಲೇ ಇಲ್ಲ.

"ಒಳಗೆ ಚೆನ್ನಾಗಿ ಬಂದಿದೆ. ಮೇಲೆ ಒಣಗಿದೆ. ಬೆಣ್ಣೆ ಸವರಿಲ್ಲ ಅಲ್ವಾ? ಅದರೊಳಗೆ ಫ್ಯಾನ್ ತಿರುಗುತ್ತಲ್ಲ, ಗಾಳಿಗೆ ತುಟಿ ಒಡೆಯೋ ಹಾಗೆ ಹಿಟ್ಟಿನ ಮೈಯೂ ಒಡೆಯುತ್ತೆ."

"ತಿಂದು ಹೇಳಿ."

"ಗ್ಲೌಸ್ ಹಾಕಿದ್ದೀನಲ್ಲ... ಇಡಿ, ಆಮೇಲೆ."

ಅಪ್ಪ ಕುರ್ಚಿಯಿಂದ ಇಳಿಯುತ್ತ, "ಡಾಕ್ಟ್ರೇ, ನೀವೇ ಮನೆಗೆ ಬಂದು ಹೇಳಿಕೊಡಿ. ಇಲ್ಲಾಂದ್ರೆ ನನ್ನ ಉಳಿದ ಹಲ್ಲೂ ನಿಮ್ಮ ಪಾಲೇ," ಅಂದರು.

"ಅಪ್ಪಾ!"

"ಭಾನುವಾರ ಬರ್ತೀನಿ," ಅಂದ ಅವನು. ತಕ್ಷಣ! ಅವಳು ತಲೆ ಎತ್ತುವಷ್ಟರಲ್ಲಿ ಅವನು ಬೆನ್ನು ತಿರುಗಿಸಿ ಕೈ ತೊಳೆಯುತ್ತಿದ್ದ. ಅವನ ಕಿವಿ ಮಾತ್ರ ಕೆಂಪಾಗಿತ್ತು.

ಭಾನುವಾರ ಬಂದ. ಮಾಸ್ಕು, ಗ್ಲೌಸು ಎರಡನ್ನೂ ತಂದಿದ್ದ.

"ಹಿಟ್ಟಿಗೇನು ಆಪರೇಷನ್ ಮಾಡ್ತೀರಾ?" ಅಂದಳು ಚೂಟಿ.

"ಅಭ್ಯಾಸ ಬಲ," ಅಂದ ಅವನು.

"ಇನ್ನೂ ನಾದಿ. ಎಳೆದ್ರೆ ಹರೀಬಾರದು, ಪರದೆ ಹಾಗೆ ಬೆಳಕು ಕಾಣಬೇಕು," ಅನ್ನುತ್ತ ಅವಳ ಪಕ್ಕ ನಿಂತ. ಉಬ್ಬಿದ ಹಿಟ್ಟನ್ನು ಲಟ್ಟಿಸಿ, ಲೋಟದಲ್ಲಿ ಒತ್ತಿ, ಬಾಟಲಿ ಮುಚ್ಚಳದಲ್ಲಿ ನಡುವೆ ತೂತು ಮಾಡಿದರು. ಒಂದೊಂದಕ್ಕೂ ಕೆಳಗೊಂದು ಚೂರು ಬೇಕಿಂಗ್ ಕಾಗದ. ಅವಳು ಫ್ರೈಯರ್‌ಗೆ ಹಾಕಲು ಹೊರಟರೆ ಅವನು ಅಡ್ಡ ಬಂದ.

"ಅಯ್ಯೋ, ಇನ್ನೊಂದು ಸಲ ಉಬ್ಬಬೇಕು. ಯಾಕ್ರೀ ಇಷ್ಟು ಅವಸರ?"

"ನನಗೆ ಕಾಯೋದು ಗೊತ್ತಿಲ್ಲ."

"ನನಗೆ ಅದೊಂದೇ ಗೊತ್ತಿರೋದು," ಅಂದ. ಯಾಕೆ ಹಾಗಂದನೋ! ಚೂಟಿ ಆ ಮಾತನ್ನು ರಾತ್ರಿ ತನಕ ಮನಸ್ಸಲ್ಲೇ ತಿರುವಿ ಹಾಕಿದಳು.

ಬೆಣ್ಣೆ ಸವರಿ, ಅಂಟದ ಹಾಗೆ ದೂರದೂರ ಇಟ್ಟರು. ಫ್ರೈಯರ್ ಗುಂಯ್ ಅಂದಿತು. ಬುಟ್ಟಿ ಎಳೆದಾಗ... ಜೇನಿನ ಬಣ್ಣ! ಬಿಸಿಯಲ್ಲೇ ಮತ್ತೆ ಚೂರೇ ಚೂರು ಬೆಣ್ಣೆ ಸವರಿ, ಚಕ್ಕೆ ಪುಡಿ ಬೆರೆಸಿದ ಸ್ವಲ್ಪ ಸಕ್ಕರೆಯಲ್ಲಿ ಹೊರಳಿಸಿದರು.

ಅಪ್ಪ ಕಚ್ಚಿದರು. ಅಗಿದರು. ಇನ್ನೊಂದಕ್ಕೆ ಕೈ ಚಾಚಿದರು!

"ಕೊನೇ ಸ್ಟಾಪು ಬಂತು ಕಣೇ ಚೂಟಿ!" ಅಂದವರೇ ಬಸ್ಸಿನ ಕಥೆ ಶುರು ಮಾಡಿದರು. ನಡುದಾರೀಲಿ ಇಳಿಯೋಕೆ ಒಪ್ಪದ ಮೇಕೆ, ನಿದ್ದೆ ಹೋಗಿ ಎರಡು ಸಲ ಊರು ಸುತ್ತಿದ ಮದುಮಗ... ಒಂದರ ಹಿಂದೊಂದು. ಚೂಟಿ ಸಿಂಕಿನ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಪಕ್ಕದಲ್ಲಿ ಅವನು ನಲ್ಲಿ ಜೋರಾಗಿ ಬಿಟ್ಟ, ಅವಳ ಬಿಕ್ಕು ಅಪ್ಪನಿಗೆ ಕೇಳದಿರಲಿ ಅಂತ.

ಅಲ್ಲೇ... ಆ ನಲ್ಲಿಯ ಮುಂದೆಯೇ ಅವಳು ಅವನಿಗೆ ಸೋತುಹೋದಳು.

"ನೀವು ತಿನ್ನಲ್ವಾ?"

"ಕಟ್ಟಿಕೊಡಿ. ಮನೇಲಿ ಕೂತು ಆರಾಮಾಗಿ ತಿಂತೀನಿ."

ಆಮೇಲೆ ಭಾನುವಾರ ಅಂದರೆ ಡೋನಟ್, ಡೋನಟ್ ಅಂದರೆ ಅವನು. ಪ್ರತಿ ಸಲ ಕಟ್ಟಿಸಿಕೊಂಡು ಹೋಗುವನು. "ಹೇಗಿತ್ತು?" ಅಂತ ಫೋನಿನಲ್ಲಿ ಕೇಳಿದರೆ, "ಸೂಪರ್!" ಅನ್ನುವನು.

*

ಒಂದು ಮಧ್ಯಾಹ್ನ ಅವಳೇ ಬಿಸಿ ಡಬ್ಬಿ ಹಿಡಿದು ಕ್ಲಿನಿಕ್‌ಗೆ ಹೋದಳು. ಅವನು ಒಳಗೆ ಯಾರದ್ದೋ ಹಲ್ಲು ಕೀಳುತ್ತಿದ್ದ. ಚೀಟಿ ಬರೆಯುವ ಅಕ್ಕ ಮುಖ ಅರಳಿಸಿದಳು.

"ಬಾಮ್ಮ ಬಾ! ನಮ್ಮ ಮನೆ ಮಕ್ಕಳು ಸೋಮವಾರ ಆದ್ರೆ ಬಾಗಿಲಲ್ಲೇ ಕಾಯ್ತಾರೆ."

"ನಿಮ್ಮ ಮನೇಲಾ?"

"ಹೂಂ, ಡಾಕ್ಟ್ರು ಪೂರ್ತಿ ನಮಗೇ ಕೊಟ್ಟುಬಿಡ್ತಾರಲ್ಲ! ಅವರು ಒಂದು ಚೂರೂ ಬಾಯಿಗಿಡಲ್ಲ."

ಚೂಟಿಯ ಕೈಯಲ್ಲಿ ಡಬ್ಬಿ ಸುಡುತ್ತಿತ್ತು.

ಒಂದು ಚೂರೂ... ಇಲ್ಲವಾ? ಹಾಗಾದ್ರೆ ಆ ಸೂಪರ್ರು? ಆ ಮಾಸ್ಕು, ಆ ಗ್ಲೌಸು? ನನ್ನ ಅಡುಗೆಮನೆ ಅಂದರೆ ಅಷ್ಟು ಅಸಹ್ಯವಾ ಅವನಿಗೆ? ಅಪ್ಪನ ಮೇಲಿನ ಕನಿಕರಕ್ಕೆ ಬರುತ್ತಿದ್ದನಾ? ಅಯ್ಯೋ, ನಾನೊಬ್ಬಳು ಹುಚ್ಚಿ!

ಡಬ್ಬಿಯನ್ನು ಮೇಜಿನ ಮೇಲಿಟ್ಟು ಸರಸರ ಹೊರಬಂದಳು. ಅವನ ಫೋನಿಗೆ ಉತ್ತರ ಕೊಡಲಿಲ್ಲ. ಭಾನುವಾರ ಬೆಲ್ ಆದಾಗ, "ನಾನಿಲ್ಲ ಅನ್ನಿ ಅಪ್ಪಾ," ಅಂದಳು.

"ನಾನು ಬಸ್ ಓಡಿಸಿದವನು, ಸುಳ್ಳು ಓಡಿಸಿದವನಲ್ಲ," ಅಂದರು ಅಪ್ಪ. ಬಾಗಿಲು ತೆರೆದು, "ಒಳಗೇ ಇದ್ದಾಳೆ, ಸಿಟ್ಟಲ್ಲಿದ್ದಾಳೆ. ಇವತ್ತು ಬೇಡ ಡಾಕ್ಟ್ರೇ," ಅಂತ ಕಳಿಸಿದರು.

*

ಚೂಟಿ ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಜನರ ಕಣ್ಣು ಪರೀಕ್ಷಿಸಿ ನಂಬರ್ ಹೇಳುವವಳು ಅವಳೇ. ಮರುದಿನ ಬೆಳಿಗ್ಗೆ ಒಳಕೋಣೆಯ ಪರದೆ ಸರಿಸಿದರೆ ಕುರ್ಚಿಯಲ್ಲಿ ಕೂತಿದ್ದವನು... ಅವನು! ಮಾಸ್ಕ್ ಇಲ್ಲದೆ.

"ಏನು ತೊಂದರೆ?" ಅವಳ ದನಿ ಐಸು.

"ಕಣ್ಣೆದುರಿಗಿದ್ದವರು ಕಾಣಿಸ್ತಿಲ್ಲ ಡಾಕ್ಟ್ರೇ. ಒಂದು ವಾರದಿಂದ."

"ನಾನು ಡಾಕ್ಟ್ರಲ್ಲ. ಎದುರಿಗೆ ಬೋರ್ಡಿದೆ. ಮೇಲಿನ ಸಾಲಿಂದ ಓದಿ."

ಅವನು ಬೋರ್ಡನ್ನೇ ನೋಡುತ್ತ ಉಸಿರೆಳೆದುಕೊಂಡ.

"ಮೊದಲನೇ ಸಾಲು... ಕ್ಲಿನಿಕ್ಕಿನ ಅಕ್ಕ ನಿಮಗೆ ಹೇಳಿದ್ದು ನಿಜ. ನಾನು ಗೋಧಿ, ಮೈದಾ ತಿನ್ನೋ ಹಾಗಿಲ್ಲ."

ಅವಳ ಕೈಯಲ್ಲಿದ್ದ ಲೆನ್ಸ್ ಅಲ್ಲೇ ನಿಂತಿತು.

"ಎರಡನೇ ಸಾಲು. ಒಂದು ತುಣುಕು ಹೊಟ್ಟೆಗೆ ಹೋದ್ರೂ ವಾರಗಟ್ಟಲೆ ಏಳೋಕಾಗಲ್ಲ. ಗಾಳಿಯಲ್ಲಿ ಹಾರೋ ಹಿಟ್ಟಿಗೂ ಹೆದರಬೇಕು. ಅದಕ್ಕೇ ಮಾಸ್ಕು, ಗ್ಲೌಸು."

"ಮತ್ತೆ... ಮತ್ಯಾಕೆ ಹೇಳಲಿಲ್ಲ?"

"ಮೂರನೇ ಸಾಲಲ್ಲಿದೆ." ಅವನ ದನಿ ಸಣ್ಣಗಾಯಿತು. "ನಮ್ಮದು ಬೇಕರಿ ಇತ್ತು. ನಾನು ನಡೆಯೋದು ಕಲಿತದ್ದೇ ಹಿಟ್ಟಿನ ಮೂಟೆ ಹಿಡಕೊಂಡು. ಚಿಕ್ಕವನಿದ್ದಾಗ ಈ ಕಾಯಿಲೆ ಗೊತ್ತಾಯ್ತು. ಮಗನಿಗೆ ವಿಷ ಆಗೋದನ್ನ ಇನ್ನು ಮುಟ್ಟಲ್ಲ ಅಂತ ಅಪ್ಪ ಅಮ್ಮ ಬೇಕರಿನೇ ಮುಚ್ಚಿದ್ರು. ಅಪ್ಪ ಹೋದ್ರು, ಅಮ್ಮ ಇವತ್ತಿಗೂ ಹಿಟ್ಟು ಕಲಸಿಲ್ಲ. ಆವತ್ತು ನಿಮ್ಮ ಡೋನಟ್ ಮೂಸಿದೆನಲ್ಲ... ಮನೆಗೆ ಹೋದ ಹಾಗಾಯ್ತು. ನಾನು ಬಾಯಿ ಬಿಟ್ರೆ ಇನ್ನೊಂದು ಅಡುಗೆಮನೆ ಮುಚ್ಚುತ್ತೆ ಅಂತ ಹೆದರಿದೆ. ನಿಮ್ಮಪ್ಪ ಬೇರೆ ಈಗ ತಾನೇ ನಗೋಕೆ ಶುರು ಮಾಡಿದ್ರು..."

ಚೂಟಿಗೆ ಬೋರ್ಡೇ ಮಂಜಾಯಿತು. ಅಸಹ್ಯ ಅಂದುಕೊಂಡೆನಲ್ಲ! ತಿನ್ನಲಾಗದ ಮನುಷ್ಯ, ಬರೀ ವಾಸನೆಗೋಸ್ಕರ, ನನಗೋಸ್ಕರ...

"ನಾಲ್ಕನೇ ಸಾಲೂ ಇದೆ," ಅಂದ ಅವನು.

"ಬೇಡ. ಈಗ ಓದಬೇಡಿ!" ಅವಳು ಪರದೆ ಸರಿಸಿದಳು. "ಹೊರಡಿ."

ಅವನ ಮುಖ ಬಾಡಿತು. ಎದ್ದು ಬಾಗಿಲವರೆಗೆ ಹೋದ.

"ಭಾನುವಾರ ಬನ್ನಿ," ಅಂತ ಹಿಂದಿನಿಂದ ಕೇಳಿಸಿತು. "ಮಾಸ್ಕ್ ಹಾಕ್ಕೊಂಡು ಬಂದ್ರೆ ಒಳಗೆ ಬಿಡಲ್ಲ!"

*

ಆ ವಾರ ಮನೆಯ ಮೈದಾ, ಗೋಧಿ ಹಿಟ್ಟೆಲ್ಲ ಪಕ್ಕದ ಮನೆ ಸೇರಿತು. ಕಪಾಟು, ಕಟ್ಟೆ, ಡಬ್ಬಗಳನ್ನು ಚೂಟಿ ತಿಕ್ಕಿ ತಿಕ್ಕಿ ತೊಳೆದಳು. ಫ್ರೈಯರ್‌ಗೆ ಹೊಸ ಬುಟ್ಟಿ ತಂದಳು. ಅಕ್ಕಿ ಹಿಟ್ಟು, ಆಲೂಗಡ್ಡೆ ಹಿಟ್ಟು, ಯೀಸ್ಟ್... ಮೊದಲ ಸಲ ಪುಡಿಪುಡಿ, ಎರಡನೇ ಸಲ ಗೋಂದು. ಹಿಡಿದಿಡುವ ಅಂಟೇ ಇಲ್ಲವಲ್ಲ! ಕೊನೆಗೆ ಕ್ಲಿನಿಕ್‌ನ ಅಕ್ಕನಿಂದ ನಂಬರ್ ಪಡೆದು ಅವನ ಅಮ್ಮನಿಗೇ ಫೋನ್ ಮಾಡಿದಳು.

ಭಾನುವಾರ ಬೆಳಿಗ್ಗೆಯೇ ಅವರು ಬಂದರು. ಅಡುಗೆಮನೆ ಹೊಸ್ತಿಲಲ್ಲಿ ನಿಂತುಬಿಟ್ಟರು.

"ನನ್ನ ಕೈ ಮರೆತಿದೆ ಕಣಮ್ಮ."

"ನನ್ನ ಕೈಗೆ ಗೊತ್ತೇ ಇಲ್ಲ ಅಮ್ಮಾ. ಇಬ್ಬರೂ ಸೇರಿದ್ರೆ ಆಗುತ್ತೆ."

ಅವರು ಮೆಲ್ಲಗೆ ಪಾತ್ರೆಗೆ ಕೈ ಹಾಕಿದರು. ಒಂದು ಸಲ ಒತ್ತಿದರು. ಇನ್ನೊಂದು ಸಲ. ಆಮೇಲೆ ಆ ಕೈಯನ್ನು ತಡೆಯುವವರೇ ಇರಲಿಲ್ಲ!

"ಸ್ವಲ್ಪ ಇಸಬ್ಗೋಲ್ ಸಿಗುತ್ತಾ? ಅಂಟು ಬರುತ್ತೆ."

"ಅಯ್ಯೋ, ಅದು ನಾನು ಹೊಟ್ಟೆ ಸಲೀಸಾಗೋಕೆ ತಗೊಳ್ಳೋದಲ್ವೇನ್ರೀ!" ಅಪ್ಪ ಗಾಬರಿಯಾದರು. "ನಮ್ಮ ಡಾಕ್ಟ್ರಿಗೆ ಡೋನಟ್ಟಾ, ಔಷಧೀನಾ?"

ಮೂವರೂ ಹೊಟ್ಟೆ ಹಿಡಿದು ನಕ್ಕರು. ತೊಳೆದು ಒರೆಸಿದ ಕಟ್ಟೆಯ ಮೇಲೆ ಹೊಸ ಅಚ್ಚಿನೊಳಗೆ ಹಿಟ್ಟು ಮೆಲ್ಲಗೆ ಉಬ್ಬಿತು. ಬುಟ್ಟಿ ಹೊರಗೆಳೆದ ಹೊತ್ತಿಗೆ ಸರಿಯಾಗಿ ಬೆಲ್ ಆಯಿತು.

ಅವನು ಒಳಗೆ ಬಂದ. ಅಡುಗೆಮನೆ ಬಾಗಿಲಲ್ಲಿ ಕಾಲು ಕಿತ್ತಿಡಲಾಗದೆ ನಿಂತ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ಅಮ್ಮ!

"ಅಮ್ಮಾ... ನೀವು..."

"ಅಳಬೇಡ್ವೋ. ಬಿಸಿ ಇರುವಾಗಲೇ ತಿನ್ನು. ಅಕ್ಕಿದು. ಈ ಹುಡುಗಿ ಇಡೀ ವಾರ ಮನೆ ತೊಳೆದಿದ್ದಾಳೆ."

ಅಪ್ಪನಿಗೆ ಸೂಕ್ಷ್ಮ ಗೊತ್ತಾಗದೆ ಇರುತ್ತಾ? "ಬನ್ನಿ ಅಮ್ಮಾವ್ರೇ, ನಮ್ಮ ಬಾಲ್ಕನಿಯಿಂದ ಬಸ್ಸು ಚೆನ್ನಾಗಿ ಕಾಣುತ್ತೆ," ಅಂತ ಅವರನ್ನು ಕರೆದುಕೊಂಡು ಹೋದರು.

ಚೂಟಿ ತಟ್ಟೆ ಮುಂದೆ ಹಿಡಿದಳು. ಅವನು ಒಂದನ್ನು ಎತ್ತಿ, ಕಣ್ಣು ಮುಚ್ಚಿ, ಕಚ್ಚಿದ. ಅಗಿದ. ನುಂಗಿದ. ಮುಚ್ಚಿದ ಕಣ್ಣಂಚಿನಿಂದ ಒಂದು ಹನಿ ಇಳಿಯಿತು.

"ಹೇಗಿದೆ?" ಅಂದಳು. "ಈ ಸಲ ಸುಳ್ಳು ಸೂಪರ್ ಬೇಡ."

"ಸ್ವಲ್ಪ ಗಟ್ಟಿ," ಅಂದ ಅವನು ಪ್ರಾಮಾಣಿಕವಾಗಿ. "ಸ್ವಲ್ಪ ಸಪ್ಪೆ. ನನ್ನ ಜೀವನದಲ್ಲೇ ಇಷ್ಟು ಚೆನ್ನಾಗಿರೋದು ತಿಂದಿಲ್ಲ."

ಅವಳು ಅಳುತ್ತಲೇ ನಕ್ಕಳು.

"ನಾಲ್ಕನೇ ಸಾಲು ಈಗ ಓದಲಾ?"

"ಬೇಡ. ಈಗ ನಾನು ಓದ್ತೀನಿ," ಅಂದಳು. "ನನಗೆ ನೀವು ಅಂದ್ರೆ ತುಂಬ ಇಷ್ಟ. ಯಾವಾಗಿಂದ ಅಂತ ಕೇಳಬೇಡಿ, ನಾಚಿಕೆ ಆಗುತ್ತೆ."

"ಅದೇ ಸಾಲು ಕಣ್ರೀ! ನಾನು ಓದಬೇಕಿದ್ದದ್ದು ಅದೇ!"

ಹೊರಗೆ ಅಪ್ಪ ಮೇಕೆಯ ಕಥೆ ಶುರು ಮಾಡಿದ್ದರು. ಅವನ ಅಮ್ಮ ಬಿದ್ದು ಬಿದ್ದು ನಗುತ್ತಿದ್ದರು.

"ಇನ್ನೊಂದು ಕೊಡ್ಲಾ?" ಅಂದಳು ಚೂಟಿ ಮೆಲ್ಲಗೆ.

"ಹೂಂ, ಕೊಡು."

"ಏನಂದ್ರಿ?"

ಅವನು ತಡಬಡಾಯಿಸಿದ. "ಅಲ್ಲ... ಕೊಡಿ ಅಂದೆ."

"ಮೊದಲು ಅಂದದ್ದೇ ಚೆನ್ನಾಗಿತ್ತು."

ಅವನು ಅವಳ ಕಣ್ಣನ್ನೇ ನೋಡಿದ. "...ಕೊಡು."

"ತಗೋ," ಅಂದಳು.