ಗೇಣುದ್ದ ಚಾಸಿ

ಶೆಡ್ಡಿನ ಬಾಗಿಲು ತೆಗೆದ ಸಿದ್ಧಾರೂಢ ಅಲ್ಲೇ ಕುಸಿದು ಕೂತ. ಎರಡು ವರ್ಷ ಕೂತು ಕಟ್ಟಿದ ಬೈಕು. ಅದರ ಚಾಸಿಯನ್ನು, ಗಾಡಿ ಹೊರುವ ಪೈಪಿನ ಚೌಕಟ್ಟನ್ನೇ, ಯಾರೋ ಕೊಯ್ದಿದ್ದರು.

ಎಎಸ್‌ಐ ಮಡಿವಾಳೆಪ್ಪ ಬಂದಾಗ ಮಧ್ಯಾಹ್ನ ಮೂರು ಗಂಟೆ. ಬೆಳಿಗ್ಗೆಯಿಂದ ದೊಡವಾಡದಲ್ಲಿ ಬದುವಿನ ಎರಡು ಜಗಳ ಬಿಡಿಸಿದ್ದ. ಮಂಡಿ ನೋಯುತ್ತಿತ್ತು.

ಕಾಳು ಒಕ್ಕುವ ರಾಶಿ ಮಷಿನ್‌ಗೆ ಸಿಕ್ಕು ಸಿದ್ಧಾರೂಢನ ಬಲಗಾಲು ಹೋಗಿ ಐದು ವರ್ಷ. ಅಂಗಡಿಯ ಬೈಕು ಅವನಿಗೆ ಒಗ್ಗದು. ಹಳೆಯ ಎಂಜಿನ್ ತಂದು, ಪೈಪು ಬಗ್ಗಿಸಿ, ಕಾಲಿನ ಬ್ರೇಕನ್ನು ಕೈಗೆ ತಂದು, ಬೆಸುಗೆಯೊಂದನ್ನು ಬಿಟ್ಟು ಎಲ್ಲ ತಾನೇ ಮಾಡಿ, ತನ್ನ ಮೈಗೆ ತಕ್ಕ ಗಾಡಿ ಕಟ್ಟಿದ್ದ. ಮರುದಿನ ಮೊದಲ ಸಲ ಓಡಿಸುವವನಿದ್ದ.

"ಮುಂಜಾನೆ ಸಂಗೊಳ್ಳಿಗೆ ಲಗ್ನಕ್ಕ ಹೋಗಿದ್ವಿರಿ," ಎಂದಳು ಹೆಂಡತಿ ಭಾಗೀರಥಿ. "ಬಂದು ನೋಡಿದ್ರ ಹಿಂಗಾಗೇತಿ."

ಮಡಿವಾಳೆಪ್ಪ ಬಗ್ಗಿ ನೋಡಿದ. ಟ್ಯಾಂಕಿನ ಕೆಳಗೆ, ಎರಡು ಪೈಪು ಕೂಡುವಲ್ಲಿ ಗೇಣುದ್ದ ಚಾಸಿ ಮಾಯ. ಬೇರೆ ಯಾವುದಕ್ಕೂ ಪೆಟ್ಟಿಲ್ಲ. ಟ್ಯಾಂಕು ಬಿಚ್ಚಿ ಕೌದಿಯ ಮೇಲೆ ಇಟ್ಟಿದ್ದರು. ಎಂಜಿನ್ ಜೋಲದಂತೆ ಕೆಳಗೆ ಕಟ್ಟಿಗೆ ಕೊಟ್ಟಿದ್ದರು.

"ಯಾರ ಮ್ಯಾಲ ಸಂಶೆ?"

"ಬೈಲಹೊಂಗಲದ ಸುಭಾಸ, ಗ್ಯಾರೇಜಿನಾಂವ. ಈ ಎಂಜಿನ್ ತನಗ ಕೊಡು ಅಂತ ಬೆನ್ನ ಹತ್ತಿದ್ದ. ಕೊಡಲಿಲ್ಲ. ಹೋದ ವಾರ ಬೈದು ಹೋದ," ಎಂದ ಸಿದ್ಧಾರೂಢ.

* * *

ಮರುದಿನ ಬಸ್ಸು ಹತ್ತಿ ಬೈಲಹೊಂಗಲಕ್ಕೆ. ಸುಭಾಸ ಕೈ ಒರೆಸಿಕೊಳ್ಳುತ್ತ ಎದ್ದ.

"ಬೈದಿದ್ದು ಖರೇ ರೀ. ಆದ್ರ ನಾ ಕೇಳಿದ್ದು ಎಂಜಿನ್. ಅದನ್ನ ಬಿಟ್ಟು ಪೈಪಿನ ತುಂಡು ಯಾಕ ಒಯ್ಯಲಿ?"

ಅದು ಮಡಿವಾಳೆಪ್ಪನಿಗೂ ಅನಿಸಿತ್ತು.

* * *

ಮಧ್ಯಾಹ್ನ ಮತ್ತೆ ದೊಡವಾಡ.

"ಗಂಡ ಗಾಡಿ ಹತ್ತೋದು ನಿನಗ ಬ್ಯಾಡಾಗಿತ್ತಂತಲ್ಲವಾ?" ಮಡಿವಾಳೆಪ್ಪ ಭಾಗೀರಥಿಯನ್ನು ಕೇಳಿದ.

"ಬ್ಯಾಡಾಗಿತ್ರಿ," ಭಾಗೀರಥಿ ಮುಚ್ಚಿಡಲಿಲ್ಲ. "ಅದು ಕೆಟ್ಟು ಹೋಗ್ಲಿ ಅಂತ ದೇವರ ಮುಂದ ಬೇಡ್ಕೊಂಡೇನಿ. ಆದ್ರ ನಿನ್ನೆ ಪೂರಾ ನಾ ಲಗ್ನದಾಗ ಇವರ ಕೂಡನ ಇದ್ದೆ."

ಮಡಿವಾಳೆಪ್ಪ ಸಿದ್ಧಾರೂಢನ ಕಡೆ ತಿರುಗಿದ. "ಚಾಸಿ ವೆಲ್ಡಿಂಗ್ ಮಾಡಿದಾವ್ರು ಯಾರು?"

"ಮುತ್ತಪ್ಪ ಕಾಕಾ," ಎಂದ ಸಿದ್ಧಾರೂಢ. "ಅವನ್ಯಾಕ ಕೇಳ್ತೀರಿ? ತಂದಿ ಸಮಾನ ನನಗ."

"ಬಾ, ಹೋಗೂಣು."

* * *

ಮುತ್ತಪ್ಪ ನಲವತ್ತು ವರ್ಷದಿಂದ ಬೆಸುಗೆ ಹಾಕುವವನು. ಅಂಗಡಿಯ ಮುಂದೆ ಸುಮ್ಮನೆ ಕೂತಿದ್ದ. ಮಡಿವಾಳೆಪ್ಪ ಮೊಬೈಲಿನಲ್ಲಿದ್ದ ಒಂದು ಫೋಟೊ ಅವನ ಮುಂದೆ ಹಿಡಿದ.

"ಈ ವೆಲ್ಡಿಂಗ್ ನಿಂದ ಹೌದಲ್ಲ?"

ಮುತ್ತಪ್ಪ ಕಣ್ಣು ಕಿರಿದು ಮಾಡಿದ. "ಹೌದ್ರಿ, ನಂದ. ಸಿದ್ಧಾರೂಢನ ಚಾಸಿ."

"ಇದು ನಮ್ಮ ಸ್ಟೇಷನ್ ಗೇಟು, ಮುತ್ತಪ್ಪ."

ಮುತ್ತಪ್ಪ ತಲೆ ತಗ್ಗಿಸಿದ.

"ವೈರಿ ಆಗಿದ್ರ ಟ್ಯಾಂಕ್ ಜಜ್ಜತಿದ್ದ," ಮಡಿವಾಳೆಪ್ಪ ಮೆಲ್ಲಗೆ ಹೇಳಿದ. "ಕಳ್ಳ ಆಗಿದ್ರ ಎಂಜಿನ್ ಒಯ್ಯತಿದ್ದ. ಇಂವ ಟ್ಯಾಂಕಿಗೆ ಕೌದಿ ಹಾಸ್ಯಾನ. ಕೊಯ್ದದ್ದು ವೆಲ್ಡಿಂಗ್ ಇದ್ದಲ್ಲಿ. ಆ ತುಂಡು ಯಾರಿಗೂ ಕಾಣಬಾರದು ಅಂತ ಒಯ್ದಾನ. ಅದು ಕಂಡ್ರ ಮಾನ ಹೋಗೂದು ಒಬ್ಬಂದ, ಬೆಸದಾವಂದು. ಯಾಕ ಕಾಣಬಾರದು ಅಂತ ತಿಳೀಲಿಲ್ಲ. ನಿನ್ನ ಕಣ್ಣ ಹೆಂಗದಾವು ನೋಡೂಣು ಅಂತ ಈ ಫೋಟೊ ತೋರಿಸಿದೆ."

ಮುತ್ತಪ್ಪ ಒಳಗೆ ಹೋಗಿ ತುಂಡು ತಂದ. ಬೆಸುಗೆಯ ಉದ್ದಕ್ಕೂ ಬಿರುಕು.

"ಕಣ್ಣಿಗೆ ಕಾಣಲಿಲ್ಲೋ ತಮ್ಮಾ. ಮೊನ್ನೆ ಟ್ಯಾಂಕ್ ಕೂಡಿಸುವಾಗ ಬೆರಳಿಗೆ ಹತ್ತಿತು. ನೀ ಇದರ ಮ್ಯಾಲ ಹೋಗಿದ್ರ ಗುಡ್ಡದ ಇಳುಕಲಿನ್ಯಾಗ ಸಾಯ್ತಿದ್ದಿ. ಲಗ್ನಕ್ಕ ಹೋಗೂದು ಕಾದು ಕೊಯ್ದೆ."

"ಬಾಯಿ ಬಿಟ್ಟು ಹೇಳಿದ್ರ ಆಗತಿತ್ತಲ್ಲ, ಕಾಕಾ!"

"ಹೇಳಿದ್ರ ನಾ ಕುರುಡ ಅಂತ ಊರಿಗೆಲ್ಲಾ ಗೊತ್ತಾಗತಿತ್ತು. ಮತ್ಯಾರ ಕೆಲಸ ಕೊಡತಿದ್ರು?"

"ಕೇಸು ಮಾಡೂದೇನು?" ಮಡಿವಾಳೆಪ್ಪ ಕೇಳಿದ.

ಸಿದ್ಧಾರೂಢ ಬಿರುಕಿನ ಮೇಲೆ ಬೆರಳಾಡಿಸಿದ. "ಬ್ಯಾಡ್ರಿ," ಎಂದ ಕಡೆಗೆ. ಆಮೇಲೆ ಮುದುಕನ ಕಡೆ ತಿರುಗಿದ. "ಕಣ್ಣ ಮಂಜಾಗಿ ಎಷ್ಟ ದಿನ ಆತು?"

"ವರ್ಷಾತು."

"ಈ ವರ್ಷದಾಗ ಎಷ್ಟ ಟ್ರ್ಯಾಕ್ಟರ್ ಟ್ರೇಲರ್ ಬೆಸದು ಕೊಟ್ಟಿ?"

ಮುತ್ತಪ್ಪನ ಮುಖ ಬಿಳಿಚಿಕೊಂಡಿತು.

ಹೊರಡಲು ಎದ್ದಿದ್ದ ಮಡಿವಾಳೆಪ್ಪ ಮತ್ತೆ ಕಟ್ಟೆಯ ಮೇಲೆ ಕೂತ. ಜೇಬಿನಿಂದ ಪೆನ್ನು ತೆಗೆದ.

"ಒಂದೊಂದ ಹೆಸರ ಹೇಳು," ಎಂದ. "ಎಲ್ಲಾರ ಮನಿಗೂ ಹೋಗೂಣು."