ಭಾವನನ್ನು ಗೆಲ್ಲಿಸಿದ ಮಧ್ಯಾಹ್ನ

ನನ್ನ ಎಡಗೈ ಪೇಪರ್ ಕಟಿಂಗ್ ಮಷೀನಿನ ಬ್ಲೇಡಿನ ಕೆಳಗಿತ್ತು.

ಬ್ಲೇಡಿಗೆ ಹಿಂದಿನ ದಿನವಷ್ಟೇ ಸಾಣೆ ಹಿಡಿಸಿದ್ದೆ. ನಾನೇ!

ಬೆನ್ನ ಮೇಲೆ ಒಬ್ಬ ಮಂಡಿಯೂರಿ ನನ್ನ ಮಣಿಕಟ್ಟನ್ನು ಅದುಮಿ ಹಿಡಿದಿದ್ದ. ಮಷೀನಿನ ಹಿಡಿಕೆಯ ಮೇಲೆ ಕೈಯಿಟ್ಟು ನಿಂತವನು ಗೂಳಿ. ಹಳೇ ಎಂಎಲ್‌ಎಯ ಬಂಟ. ಕುತ್ತಿಗೆ ಇರಬೇಕಾದ ಜಾಗದಲ್ಲಿ ಅವನಿಗೆ ಬರೀ ಮಾಂಸ.

ಪ್ರೆಸ್ಸಿನ ತುಂಬ ಗೋಡೆಯೆತ್ತರಕ್ಕೆ ಪೋಸ್ಟರಿನ ಕಟ್ಟುಗಳು. ಎಲ್ಲದರಲ್ಲೂ ಒಂದೇ ಫೋಟೋ. ನನ್ನ ಭಾವ, ಅಂದರೆ ಅಕ್ಕನ ಗಂಡ, ರಕ್ತದಲ್ಲಿ ತೊಯ್ದ ಹುಡುಗನೊಬ್ಬನನ್ನು ಎತ್ತಿಕೊಂಡು ಓಡುತ್ತಿದ್ದಾರೆ. ಆ ಹುಡುಗ ನನ್ನ ತಮ್ಮ. ಹಳೇ ಎಂಎಲ್‌ಎ ನಮ್ಮ ಮಾರ್ಕೆಟ್ಟಿನ ಶೆಡ್ಡುಗಳ ಮೇಲೆ ಬುಲ್ಡೋಜರ್ ಹತ್ತಿಸಿದಾಗ ಒಳಗೆ ಮಲಗಿದ್ದ. ಆಸ್ಪತ್ರೆ ಬಾಗಿಲಲ್ಲೇ ಹೋದ.

ತಮ್ಮ ಹೋದ... ಭಾವ ಲೀಡರ್ ಆದರು. ಊರೆಲ್ಲ ಅವರ ಹಿಂದೆ. ಈಗ ಅದೇ ಹಳೇ ಎಂಎಲ್‌ಎ ಎದುರು ಪಕ್ಷೇತರ ಅಭ್ಯರ್ಥಿ.

ಅವತ್ತು ನಾಮಪತ್ರ ವಾಪಸ್ ತೆಗೆಯಲು ಕೊನೆಯ ದಿನ. ಮಧ್ಯಾಹ್ನ ಮೂರರವರೆಗೆ ಗಡುವು. ಅಭ್ಯರ್ಥಿಯೇ ಖುದ್ದಾಗಿ ಹೋಗಿ ಸಹಿ ಹಾಕಬೇಕು. ಇಂಥ ದಿನ ಅಭ್ಯರ್ಥಿಗಳು ಕಾಣೆಯಾಗುವುದು, ಕಚೇರಿಯಲ್ಲಿ ನಡುಗುತ್ತ ಪ್ರತ್ಯಕ್ಷವಾಗುವುದು ಎಲ್ಲ ಮಾಮೂಲು. ಅದಕ್ಕೇ ಬೆಳಿಗ್ಗೆಯೇ ಭಾವನ ಫೋನು ಕಿತ್ತುಕೊಂಡು ಅವರನ್ನು ಬಚ್ಚಿಟ್ಟಿದ್ದೆ. ಎಲ್ಲಿ ಅಂತ ಗೊತ್ತಿದ್ದದ್ದು ನನಗೆ ಮತ್ತು ಅಕ್ಕನಿಗೆ ಮಾತ್ರ.

ಗೂಳಿ ಎರಡು ಸಲ ಕೇಳಿದ. ಎರಡು ಸಲವೂ ನಾನು ಅವನ ತಾಯಿಯನ್ನು ನೆನೆದೆ.

ಅವನು ನಕ್ಕುಬಿಟ್ಟ.

"ನಿನ್ ಭಾವ ಮೊನ್ನೆನೇ ಒಪ್ಕೊಂಡಾಯ್ತು ಕಣೋ. ನಮ್ ಸಾಹೇಬ್ರ ಸೋಫಾ ಮೇಲೆ ಕೂತು ಕೈ ಕುಲುಕಿ ಹೋದ. ಆ ಮನುಷ್ಯ ತಾನಾಗೇ ಬರ್ತೀನಿ ಅಂತಿದ್ರೆ ನೀನು ಬೀಗ ಹಾಕಿ ಕೂರ್ಸಿದ್ದೀಯಲ್ಲೋ."

"ಸುಳ್ಳು."

"ಹೋಗಿ ಕೇಳು. ಕೇಳೋಕೆ ಬೆರಳು ಬೇಕಾಗಲ್ಲ."

ಹಿಡಿಕೆ ಅಲುಗಿತು.

ತಲೆಯನ್ನು ಹಿಂದಕ್ಕೆ ಬೀಸಿದೆ. ಬೆನ್ನ ಮೇಲಿದ್ದವನ ಮೂಗು ಲಟಕ್ಕೆಂದಿತು. ಕೈ ಎಳೆದುಕೊಂಡೆ... ಪೂರ್ತಿ ಬರಲಿಲ್ಲ. ಕಿರುಬೆರಳು ಪೋಸ್ಟರುಗಳ ಮೇಲೇ ಉಳಿಯಿತು!

ನೋವಾಯಿತಾ ಅಂತ ಕೇಳಬೇಡಿ. ಅದಕ್ಕೆ ಪುರುಸೊತ್ತಿರಲಿಲ್ಲ. ಇಂಕು ತೊಳೆಯುವ ಸೀಮೆಎಣ್ಣೆ ಬಕೆಟ್ಟು ಕಾಲ ಬಳಿಯೇ ಇತ್ತು. ಅಷ್ಟನ್ನೂ ಗೂಳಿಯ ಕಣ್ಣಿಗೆ ಎರಚಿದೆ. ಗೂಳಿ ನಿಜವಾಗಿಯೂ ಗೂಳಿಯಂತೆ ಕೂಗಿದ.

ಬೈಕು. ಕ್ಲಚ್ ಹಿಡಿಯಬೇಕಾದದ್ದು ಎಡಗೈ... ರಕ್ತದಲ್ಲಿ ಜಾರುತ್ತಿತ್ತು. ಹಿಂದಿನಿಂದ ಜೀಪು ಬಂತು. ಅದರ ಬಂಪರ್ ನನ್ನ ಹಿಂದಿನ ಚಕ್ರಕ್ಕೆ ಮುತ್ತಿಟ್ಟಿತು. ಬಟ್ಟೆ ಅಂಗಡಿಗಳ ಸಂದಿಗೆ ನುಗ್ಗಿದೆ. ಬೈಕು ತೂರಿತು, ಜೀಪು ತೂರಲಿಲ್ಲ. ಗೋಡೆಗೆ ಕಬ್ಬಿಣ ಉಜ್ಜಿದ ಸದ್ದು ಕಿವಿಗೆ ಹಿತವಾಗಿತ್ತು.

ಗೂಳಿಯ ಮಾತು ಮಾತ್ರ ಜೊತೆಗೇ ಬಂತು.

ಭಾವನನ್ನು ಬಚ್ಚಿಟ್ಟಿದ್ದು ಐಸ್ ಫ್ಯಾಕ್ಟರಿಯಲ್ಲಿ. ಮಷೀನಿನ ಗದ್ದಲದಲ್ಲಿ ಒಳಗೆ ಕೊಲೆಯಾದರೂ ಹೊರಗೆ ಕೇಳಿಸುವುದಿಲ್ಲ. ಬಾಗಿಲು ತೆಗೆದವಳು ಬೆಳಿಗ್ಗೆಯಿಂದ ಅಲ್ಲೇ ಕಾವಲಿದ್ದ ಅಕ್ಕ. ನನ್ನ ಕೈ ನೋಡಿದಳು, ಏನೂ ಕೇಳದೆ ಸೆರಗು ಹರಿದು ಕಟ್ಟಿದಳು, ಅಗಳಿ ಹಾಕಿದಳು.

ಭಾವ ಒಂದು ಕ್ರೇಟಿನ ಮೇಲೆ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು. ಬಾಚಿದ ತಲೆ. ಎಲ್ಲಿಗೋ ಹೊರಟವರ ಹಾಗೆ.

"ಭಾವ, ನಿಜವಾ?"

ಸುಳ್ಳಾದರೂ ಹೇಳಲಿ ಅಂತ ಕಾದೆ. ಅಷ್ಟು ಮರ್ಯಾದೆಯನ್ನೂ ಅವರು ನನಗೆ ಕೊಡಲಿಲ್ಲ. ಹೇಗಿದ್ದರೂ ಸೋಲುತ್ತೇವೆ ಅಂದರು. ಯಾವುದೋ ನಿಗಮದ ಅಧ್ಯಕ್ಷಗಿರಿ ಸಿಗುತ್ತದೆ, ಸರ್ಕಾರಿ ಕಾರು ಬರುತ್ತದೆ, ನಿನಗೂ ಒಂದು ದಾರಿ ಮಾಡುತ್ತೇನೆ ಅಂದರು. ವೇದಿಕೆ ಮೇಲೆ ಮಾತಾಡುವ ದನಿಯಲ್ಲೇ ಎಲ್ಲವನ್ನೂ ಹೇಳಿದರು.

ಕೊನೆಗೆ ಅಕ್ಕನ ಕಡೆ ತಿರುಗಿದರು. "ಹೋದವನು ಹೋದ ಕಣೇ. ಅವನ ಹೆಸರಲ್ಲಿ ಇರೋರೂ ಹಾಳಾಗ್ಬೇಕಾ?"



ಅಷ್ಟರಲ್ಲಿ ಬಾಗಿಲು ನಡುಗಿತು. ಬೈಕನ್ನು ಹೊರಗೇ ಬಿಟ್ಟು ಬಂದಿದ್ದೆ... ಕತ್ತೆ ನಾನು! ಗೂಳಿ ಬೀದಿಬೀದಿ ಹುಡುಕಿಕೊಂಡು ಬಂದಿದ್ದ. ಗೋಡೆಯ ಗಡಿಯಾರದಲ್ಲಿ ಮೂರಕ್ಕೆ ಇನ್ನೂ ಕಾಲು ಗಂಟೆ.

ಭಾವ ಬಾಗಿಲಿನತ್ತ ಓಡಿದರು. ಕಾಲರ್ ಹಿಡಿದು ಎಳೆದೆ. ತಿರುಗಿ ನನ್ನ ಬೆರಳು ಹೋದ ಜಾಗಕ್ಕೇ ಗುದ್ದಿದರು. ಸರಿಯಾಗಿ ನೋಡಿಯೇ!

ಕಣ್ಣು ಕತ್ತಲಾಯಿತು. ಬೆಳಕಾದಾಗ ನನ್ನ ಕೈಯಲ್ಲಿ ಐಸ್ ದಿಮ್ಮಿ ಎಳೆಯುವ ಕಬ್ಬಿಣದ ಕೊಕ್ಕೆಯಿತ್ತು.

"ಕೂತ್ಕೋ," ಅಂದೆ. ಅಕ್ಕನ ಮದುವೆಯಾದ ಮೇಲೆ ಅದೇ ಮೊದಲ ಏಕವಚನ.

ಅಕ್ಕ ಎದ್ದಳು. ತಡೆಯುತ್ತಾಳೆ ಅಂದುಕೊಂಡೆ.

"ಮುಖಕ್ಕೆ ಬೇಡ ಕಣೋ," ಅಂದಳು. "ಪೋಸ್ಟರ್ ಆಗ್ಲೇ ಪ್ರಿಂಟ್ ಆಗಿದೆ."

ಕೊಕ್ಕೆಯನ್ನು ಅಡ್ಡ ತಿರುಗಿಸಿ ಭಾವನ ಬಲ ಮುಂಗೈಗೆ ಇಳಿಸಿದೆ. ಸಹಿ ಹಾಕುವ ಕೈ. ಐಸ್ ಸೀಳಿದಂಥ ಸದ್ದು. ಭಾವ ಒದ್ದೆ ನೆಲದ ಮೇಲೆ ಮುದುಡಿಕೊಂಡರು.

ಬಾಗಿಲು ಮುರಿಯಿತು. ಗೂಳಿ ಸಲಾಕೆ ಹಿಡಿದು ಒಳಗೆ ಬಂದ. ಕಣ್ಣು ಕೆಂಡ, ಮೈಯೆಲ್ಲ ಸೀಮೆಎಣ್ಣೆ ವಾಸನೆ. ಸಲಾಕೆಯ ಮೊದಲ ಏಟು ನನ್ನ ಪಕ್ಕೆಗೆ ಬಿತ್ತು. ಎರಡನೆಯದಕ್ಕೆ ಅವನು ಕೈ ಎತ್ತಿದ... ಇಳಿಜಾರಿನ ಮೇಲೆ ಲಾರಿಗೆ ಕಾದಿದ್ದ ಐಸ್ ದಿಮ್ಮಿಯನ್ನು ಅಕ್ಕ ಒದ್ದಳು. ನೇರ ಅವನ ಮಂಡಿಗೆ! ಮಂಡಿ ಹಿಮ್ಮುಖವಾಗಿ ಮಡಚಿಕೊಂಡಿತು. ಅವನ ಜೊತೆ ಬಂದವರು ಅದನ್ನು ನೋಡಿ ಹೊಸ್ತಿಲಲ್ಲೇ ಹಿಂದೆ ತಿರುಗಿದರು.

ಮೂವರೂ ನೆಲದಲ್ಲಿ ಬಿದ್ದು ಗಡಿಯಾರ ನೋಡುತ್ತ ಕಾದೆವು. ಅಕ್ಕ ಮಾತ್ರ ನಿಂತಿದ್ದಳು.

ಮೂರು ದಾಟಿತು.

ಆಮೇಲೆ ಅವಳು ಗಂಡನನ್ನು ಎಬ್ಬಿಸಿ ಮಾರ್ಕೆಟ್ಟಿನ ನಡುವೆಯೇ ನಡೆಸಿಕೊಂಡು ಆಸ್ಪತ್ರೆಗೆ ಹೊರಟಳು. ಕೈ ನೇತಾಡುತ್ತಿತ್ತು. ಜನ ಸೇರಿದರು, ಕ್ಯಾಮೆರಾಗಳೂ ಬಂದವು. ಯಾರು ಹೊಡೆದದ್ದು ಅಂತ ಕೇಳಿದರು.

ಭಾವ ನನ್ನನ್ನು ನೋಡಿದರು. ಅಕ್ಕನನ್ನು ನೋಡಿದರು. ಆಮೇಲೆ ಜನರನ್ನು ನೋಡಿದರು... ಎಷ್ಟಾದರೂ ಲೀಡರ್!

"ಹಳೇ ಎಂಎಲ್‌ಎ ಕಡೆಯೋರು," ಅಂದರು. ಕಣ್ಣೀರು ಮಾತ್ರ ಅಸಲಿ.

ಭರ್ಜರಿಯಾಗಿ ಗೆದ್ದರು. ಈಗ ಮಂತ್ರಿ. ಪ್ರತಿ ಭಾಷಣದಲ್ಲೂ ಆ ಕೈ ಎತ್ತಿ ತೋರಿಸುತ್ತಾರೆ. ಹಿಂದೆ ನಿಂತು ಚಪ್ಪಾಳೆ ತಟ್ಟುವವನು ನಾನೇ.

ಈಗೀಗ ಒಂದು ಸುದ್ದಿ ಓಡಾಡುತ್ತಿದೆ. ಭಾವ ಹಳೇ ಎಂಎಲ್‌ಎಯ ಪಕ್ಷ ಸೇರುತ್ತಾರಂತೆ. ಇಬ್ಬರೂ ಒಂದೇ ವೇದಿಕೆಯಲ್ಲಿ ಕೂರುತ್ತಾರಂತೆ.

ಇವತ್ತು ಬೆಳಿಗ್ಗೆ ಅಕ್ಕನ ಫೋನ್ ಬಂತು. ಅವಳು ಕೇಳಿದ್ದು ಒಂದೇ ಮಾತು.

"ಹೋದ್ಸಲ ಯಾವ ಕೈ ಕಣೋ?"